ಎರಡನೆಯದನ್ನು ಬಿಡಬೇಕಿತ್ತೆ?

ಲಾರಿಗೆ ಸಾಲ ಕೊಡುವಾಗ ಬ್ಯಾಂಕಿನವರು ತಪ್ಪದೆ ಮಾಡುವ ಕೆಲಸ ಒಂದಿದೆ. ಚಾಸಿಯಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಫೈಲಿಗೆ ಸೇರಿಸುವುದು. ಲಾರಿಯ ಬಣ್ಣ ಬದಲಾಗಬಹುದು, ಕ್ಯಾಬಿನ್ನು, ಹಲಗೆ, ಟೈರು ಎಲ್ಲ ಬದಲಾಗಬಹುದು. ಆ ನಂಬರು ಮಾತ್ರ ಬದಲಾಗಬಾರದು. ವಿಜಯವಾಡದ ಆಟೋನಗರದಲ್ಲಿ ನಾನಿದ್ದ ಮೂರು ವರ್ಷಗಳಲ್ಲಿ, 2005ರಿಂದ 2008ರವರೆಗೆ, ಇಂಥ ಅಚ್ಚುಗಳನ್ನು ಎಷ್ಟು ನೋಡಿದೆನೋ ಲೆಕ್ಕವಿಲ್ಲ. ಆಟೋನಗರ ಎಂಬ ಹೆಸರಿನದು ವಿಶಾಖಪಟ್ಟಣದಲ್ಲೂ ಒಂದಿದೆ, ಗಾಜುವಾಕದ ಹತ್ತಿರ. ನಾನು ಹೇಳುತ್ತಿರುವುದು ವಿಜಯವಾಡದ್ದು, ಮದ್ರಾಸು-ಕಲ್ಕತ್ತ ಹೆದ್ದಾರಿಯ ಮಗ್ಗುಲಿಗೆ ಇರುವುದು. ಬೆಳಿಗ್ಗೆ ಎದ್ದರೆ ಸುತ್ತಿಗೆ, ಮಧ್ಯಾಹ್ನ ವೆಲ್ಡಿಂಗು, ಸಂಜೆ ಪೇಂಟಿನ ವಾಸನೆ. ಅಲ್ಲಿ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರು, ಹತ್ತು ವರ್ಷ ಓಡಿದ ಲಾರಿಯೊಂದು ಮದುಮಗನ ಹಾಗೆ ನಿಂತಿದ್ದನ್ನು ನೋಡಿ ನಾನು ಬೆರಗಾದಾಗ, ಬೀಡಿ ಆರಿಸುತ್ತ ಹೇಳಿದ್ದರು: "ಬಂಡಿ ಪಾತದೇ ಸಾರ್, ಬಾಡೀ ಕೊತ್ತದಿ." ಬಂಡಿ ಹಳೆಯದೇ, ಬಾಡಿ ಹೊಸದು.

ಈ ಮಾತನ್ನು ನಾನು ಒಂದು ಕಂಪ್ಯೂಟರ್ ಆಟಕ್ಕೆ ಹಚ್ಚಿ ನೋಡಬೇಕೆಂದಿದ್ದೇನೆ. ಎಂ.ಕಾಂ. ಓದಿದ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಆಟದ ಬಗ್ಗೆ ಏನು ವಿಮರ್ಶೆ ಅನ್ನಬಹುದು ನೀವು. ಆದರೆ ಊರು ಬಿಟ್ಟು ಒಂಟಿಯಾಗಿ ಇದ್ದವನು ರಾತ್ರಿ ಎಂಟರಿಂದ ಹನ್ನೊಂದರವರೆಗೆ ಏನು ಮಾಡಿದ ಎಂದು ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ನಾನು ಏಜ್ ಆಫ್ ಎಂಪೈರ್ಸ್ ಆಡಿದೆ. ಅದರ ಎರಡನೆಯ ಭಾಗ.

ಅದು ನನ್ನ ಕೈಗೆ ಬಂದ ಬಗೆ ಹೀಗೆ. 2005ರ ಅಕ್ಟೋಬರಿನಲ್ಲಿ ಆ ಆಟದ ಮೂರನೆಯ ಭಾಗ ಬಂತು. ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗ ಅದಕ್ಕಾಗಿ ಹೊಸ ಕಂಪ್ಯೂಟರ್ ಬೇಕೆಂದು ಹಟ ಹಿಡಿದ. ಹಟದಲ್ಲಿ ನ್ಯಾಯವೂ ಇತ್ತು. ಎರಡನೆಯದಕ್ಕೆ 32 ಎಂಬಿ ಮೆಮೊರಿ ಸಾಕಾಗಿತ್ತು, ಮೂರನೆಯದು 256 ಕೇಳುತ್ತಿತ್ತು, ಜೊತೆಗೆ ಬೇರೆ ಗ್ರಾಫಿಕ್ಸ್ ಕಾರ್ಡು. ಹೊಸದು ಮನೆಗೆ ಬಂತು. ಹಳೆಯ ಅಸೆಂಬಲ್ಡ್ ಪೆಂಟಿಯಂ-3 ರಜೆಗೆ ಊರಿಗೆ ಹೋದವನ ಜೊತೆ ರೈಲಿನಲ್ಲಿ ವಿಜಯವಾಡಕ್ಕೆ ಬಂತು. ಡ್ರೈವಿನೊಳಗೆ ಸಿ.ಡಿ. ಹಾಗೇ ಉಳಿದಿತ್ತು. ಅಪ್ಪನ ಹಳೆಯ ಅಂಗಿ ಮಗ ಹಾಕುವ ಕಾಲ ಹೋಗಿ ಮಗನ ಹಳೆಯದು ಅಪ್ಪನಿಗೆ ಬರುವ ಕಾಲ ಅದು.

ಆಡದವರಿಗಾಗಿ ಎರಡು ಮಾತು. ಅಮೆರಿಕದ ಡಲ್ಲಾಸ್ ಕಡೆಯ ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ಇದನ್ನು ಮಾಡಿದ್ದು, ಮಾರಿದ್ದು ಮೈಕ್ರೋಸಾಫ್ಟ್. ಮೊದಲನೆಯದು 1997, ಎರಡನೆಯದು 1999, ಅದಕ್ಕೆ ಕಾಂಕರರ್ಸ್ ಎಂಬ ಸೇರ್ಪಡೆ 2000ದಲ್ಲಿ. ಆಟ ಶುರುವಾದಾಗ ನಿಮಗೆ ಒಂದು ಊರಮನೆ, ಮೂವರು ರೈತಾಪಿ ಜನ, ಒಬ್ಬ ಕುದುರೆ ಸವಾರ. ಸುತ್ತ ಕತ್ತಲೆ. 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ಹೊಸ ಆಳಿಗೆ 50 ಆಹಾರ. ಆಳುಗಳನ್ನು ಮಾಡುತ್ತ, ಮನೆ ಕಟ್ಟುತ್ತ, ಕುರಿ ಹುಡುಕುತ್ತ, ಮರ ಕಡಿಯುತ್ತ ನಾಲ್ಕು ಯುಗ ದಾಟಬೇಕು. ಎದುರಾಳಿಯೂ ಅಷ್ಟೇ ಮಾಡುತ್ತಿರುತ್ತಾನೆ. ಕೊನೆಗೆ ಯುದ್ಧ. ಯುದ್ಧದಲ್ಲಿ ನನಗೆ ಆಸಕ್ತಿ ಕಡಿಮೆ. ನನ್ನ ಕಣ್ಣಿದ್ದದ್ದು ಲೆಕ್ಕದಲ್ಲಿ.

ಈ ಆಟದ ಜೀವ ಎಲ್ಲಿದೆ ಎಂದು ಕೇಳಿದರೆ ನಾನು ಕತ್ತಿ ಕುದುರೆ ತೋರಿಸುವುದಿಲ್ಲ, ಹೊರೆ ಹೊತ್ತು ನಡೆಯುವ ಆಳನ್ನು ತೋರಿಸುತ್ತೇನೆ. ಮರ ಕಡಿದವನು ಅದನ್ನು ಹೆಗಲ ಮೇಲೆ ಹೊತ್ತು ಕಟ್ಟಿಗೆ ಮನೆಯವರೆಗೆ ನಡೆದು ಇಳಿಸಿದ ಮೇಲೆಯೇ ಅದು ನಿಮ್ಮ ಖಾತೆಗೆ ಜಮಾ. ದಾರಿಯಲ್ಲಿ ಅವನು ಸತ್ತರೆ ಹೊರೆಯೂ ಹೋಯಿತು. ಕಟ್ಟಿಗೆ ಮನೆಯನ್ನು ಕಾಡಿನಿಂದ ನಾಲ್ಕು ಹೆಜ್ಜೆ ದೂರ ಕಟ್ಟಿದರೆ, ಆ ನಾಲ್ಕು ಹೆಜ್ಜೆ ಇಡೀ ಆಟದುದ್ದಕ್ಕೂ ಬಡ್ಡಿಯ ಹಾಗೆ ತಿನ್ನುತ್ತ ಹೋಗುತ್ತದೆ. ದಾರಿಯಲ್ಲಿರುವ ಸರಕು ಎಂದರೆ ಕಟ್ಟಿಹಾಕಿದ ಬಂಡವಾಳ. ದುಡಿಯುವ ಬಂಡವಾಳದ ಪಾಠವನ್ನು ನನಗೆ ಯಾವ ಪ್ರೊಫೆಸರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕಾಡುಹಂದಿಯ ವಿಷಯವೂ ಹಾಗೆಯೇ. ಒಬ್ಬ ಆಳು ಹೋಗಿ ಹಂದಿಗೆ ಬಾಣ ಬಿಟ್ಟು, ಅದನ್ನು ಕೆಣಕಿ, ತನ್ನ ಹಿಂದೆ ಓಡಿಸಿಕೊಂಡು ಊರಮನೆಯ ಹತ್ತಿರ ತರಬೇಕು. ಅಲ್ಲಿ ಉಳಿದವರು ಸೇರಿ ಹೊಡೆಯುತ್ತಾರೆ. ಕೈ ಸ್ವಲ್ಪ ತಡವಾದರೆ ಹಂದಿ ಆಳನ್ನು ಮುಗಿಸುತ್ತದೆ. ನನ್ನ ಕೈ ಯಾವಾಗಲೂ ತಡ.

ಸಂತೆಯ ಕಟ್ಟಡ ಇನ್ನೂ ಸೊಗಸು. ನೂರು ಮರ ಮಾರಿದರೆ ಮೊದಲು ಎಪ್ಪತ್ತು ಚಿನ್ನ ಬರುತ್ತದೆ, ಮೂವತ್ತು ಕಮಿಷನ್. ಮತ್ತೆ ಮಾರಿದರೆ ಬೆಲೆ ಇಳಿಯುತ್ತದೆ, ಮತ್ತೆ ಮಾರಿದರೆ ಮತ್ತೂ. ನೀವು ಕೊಂಡರೆ ಏರುತ್ತದೆ. ಮಿತ್ರನಿಗೆ ಹಣ ಕಳಿಸಲೂ ಶುಲ್ಕ ಕಟ್ಟಬೇಕು. ಆ ಶುಲ್ಕವನ್ನು ಪೂರ್ತಿ ತೆಗೆದುಹಾಕುವ ವಿದ್ಯೆಯೊಂದನ್ನು ಕಲಿಯಬಹುದು. ಆ ವಿದ್ಯೆಯ ಹೆಸರು ಬ್ಯಾಂಕಿಂಗ್! ಮೂರು ದಶಕ ಸರ್ವಿಸ್ ಮಾಡಿದವನು ನಾನು, ಶುಲ್ಕ ತೆಗೆದುಹಾಕುವ ಬ್ಯಾಂಕಿಂಗನ್ನು ಆ ಆಟದಲ್ಲಿ ಬಿಟ್ಟು ಬೇರೆಲ್ಲೂ ಕಾಣಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿ ಎಲ್ಲವೂ ಮುಗಿಯುತ್ತದೆ. ಚಿನ್ನದ ಗಣಿ ಬರಿದಾಗುತ್ತದೆ, ಕಾಡು ಬಯಲಾಗುತ್ತದೆ, ಹೊಲ ಕೂಡ ಒಂದಷ್ಟು ಕೊಟ್ಟು ನಿಲ್ಲುತ್ತದೆ, ಮತ್ತೆ ಮರ ಕೊಟ್ಟು ಬಿತ್ತಬೇಕು. ಎರಡು ಗಂಟೆ ಆಡಿದ ಮೇಲೆ ಚಿನ್ನವಿಲ್ಲದೆ ಎರಡೂ ಕಡೆಯ ಮಹಾರಾಜರು ಈಟಿ ಹಿಡಿದ ಬಡಪಾಯಿಗಳನ್ನು ಕಳಿಸಿ ಹೋರಾಡುತ್ತಿರುತ್ತಾರೆ. ಮೊದಲಿನ ವೈಭವ ನೋಡಿದವನಿಗೆ ಆ ಕೊನೆ ಒಂದು ಥರ ನಿಜ ಅನ್ನಿಸುತ್ತದೆ.

ದೋಷ ಇಲ್ಲವೆ? ಬೇಕಾದಷ್ಟಿದೆ. ಮೊದಲ ಹತ್ತು ನಿಮಿಷ ಪ್ರತಿಸಲವೂ ಅದೇ ಸಂಧ್ಯಾವಂದನೆ. ನಲವತ್ತು ಜನರನ್ನು ಒಂದು ಬಾಗಿಲಲ್ಲಿ ಕಳಿಸಿದರೆ ಬಸ್ ಸ್ಟ್ಯಾಂಡಿನ ಹಾಗೆ ನೂಕುನುಗ್ಗಲು. ಹೊಲವನ್ನು ಮತ್ತೆ ಮತ್ತೆ ಬಿತ್ತುವ ಕಾಟ 2000ದ ಸೇರ್ಪಡೆಯಲ್ಲಿ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಈಗ ಮೂರನೆಯದು. ಅದನ್ನು ನಾನು ನೋಡಿದ್ದು ಯುಗಾದಿಗೆ ದಾವಣಗೆರೆಗೆ ಹೋದಾಗ. ಮಗ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತ. ನೀರು ಹೊಳೆಯುತ್ತಿತ್ತು, ಫಿರಂಗಿ ಹೊಡೆದರೆ ಕಟ್ಟಡದ ಚೂರು ಚೂರು ಹಾರುತ್ತಿತ್ತು. "ಅಪ್ಪಾ, ಇದನ್ನ ನೋಡಿದ ಮೇಲೂ ಅದನ್ನೇ ಆಡ್ತೀರಾ?" ಎಂದ. ನಾಲ್ಕು ದಿನ ಆಡಿದೆ. ರಜೆ ಮುಗಿಯಿತು.

ಮೂರನೆಯದರಲ್ಲಿ ಒಂದು ದೊಡ್ಡ ಕಲ್ಪನೆ ಇದೆ, ಅದನ್ನು ಹೇಳದೆ ದೂರಿದರೆ ಅನ್ಯಾಯ. ಇಲ್ಲಿ ನೀವು ಅಮೆರಿಕ ಖಂಡಕ್ಕೆ ಬಂದಿಳಿದ ಯುರೋಪಿನವರು. ನಿಮ್ಮ ತವರೂರು ಸಮುದ್ರದಾಚೆ ಇದೆ: ಲಂಡನ್, ಪ್ಯಾರಿಸ್, ಲಿಸ್ಬನ್. ಇಲ್ಲಿ ನೀವು ಏನಾದರೂ ಸಾಧಿಸಿದಂತೆ ಅನುಭವದ ಅಂಕ ಕೂಡುತ್ತದೆ, ಅದು ಒಂದು ಮಟ್ಟಕ್ಕೆ ಬಂದಾಗ ತವರಿನಿಂದ ಒಂದು ಕಂತು ತರಿಸಿಕೊಳ್ಳಬಹುದು: ಮರದ ಪೆಟ್ಟಿಗೆ, ಸೈನಿಕರು, ಜನ. ಏನೇನು ತರಿಸಬಹುದು ಎಂಬ ಕಾರ್ಡುಗಳ ಕಟ್ಟನ್ನು ಆಟಕ್ಕೆ ಮುಂಚೆಯೇ ಜೋಡಿಸಿಟ್ಟಿರಬೇಕು. ಆಗ ನೆನಪಾಗದ್ದು ಆಮೇಲೆ ಸಿಗುವುದಿಲ್ಲ. ಟ್ರಂಕಿಗೆ ಏನು ತುಂಬಬೇಕು, ಏನು ಬಿಡಬೇಕು ಎಂದು ಹೊರಡುವ ಹಿಂದಿನ ರಾತ್ರಿ ಕೂತವರಿಗೆ ಇದು ಗೊತ್ತು. ಇನ್ನೊಂದು ನಿಯಮ ನನ್ನನ್ನು ಅಲ್ಲಾಡಿಸಿತು: ಪ್ರತಿ ಕಂತಿಗೂ ಬೇಕಾದ ಅಂಕ ಹಿಂದಿನದಕ್ಕಿಂತ ಹೆಚ್ಚು. ಅಂದರೆ ಮೊದಮೊದಲು ತವರಿನಿಂದ ಬೇಗ ಬೇಗ ಬರುತ್ತದೆ, ಬರಬರುತ್ತ ದೂರ ದೂರವಾಗುತ್ತದೆ. ನನಗೂ ಮೊದಲ ವರ್ಷ ತಿಂಗಳಿಗೊಂದು ಸಲ ಮಂಡಕ್ಕಿ ಖಾರ, ಶೇಂಗಾ ಚಟ್ನಿಪುಡಿ, ರೊಟ್ಟಿ ಬರುತ್ತಿತ್ತು. ಮೂರನೇ ವರ್ಷ ಹಬ್ಬಕ್ಕೆ ಮಾತ್ರ. ಯಾರ ತಪ್ಪೂ ಅಲ್ಲ. ಅಷ್ಟರಲ್ಲಿ ನಾನೇ ಗೋಂಗೂರ ಹುಳಿಗೆ ಒಗ್ಗಿಹೋಗಿದ್ದೆ.

ಕೊನೆಯ ಯುಗಕ್ಕೆ ಹೋಗುವ ಬದಲು ತವರಿನ ವಿರುದ್ಧ ದಂಗೆ ಏಳುವ ಅವಕಾಶವೂ ಇದೆ. ಎದ್ದರೆ ನಿಮ್ಮ ವಲಸಿಗರೆಲ್ಲ ಒಂದೇ ಏಟಿಗೆ ಬಂದೂಕು ಹಿಡಿದ ಸೈನಿಕರಾಗುತ್ತಾರೆ. ಉಳಲು ಯಾರೂ ಇಲ್ಲ. ಬೇಗ ಗೆಲ್ಲಬೇಕು, ಇಲ್ಲ ಅಳಿಯಬೇಕು. ಈ ಎಲ್ಲವನ್ನೂ ಯೋಚಿಸಿದವನು ಜಾಣ. ಡಚ್ಚರಿಗಂತೂ ತಾನೇ ನಾಣ್ಯ ಹುಟ್ಟಿಸುವ ಬ್ಯಾಂಕ್ ಕಟ್ಟಡ ಕೊಟ್ಟಿದ್ದಾರೆ, ನಾನು ಬೇಡ ಅನ್ನುವುದುಂಟೇ.

ಹಾಗಾದರೆ ಪರಊರಿನಲ್ಲಿದ್ದ ನಾನು ಮೂರನೆಯದನ್ನೇ ಹಿಡಿಯಬೇಕಿತ್ತಲ್ಲ? ಹಿಡಿಯಲಿಲ್ಲ. ಕಾರಣ ಯಂತ್ರ ಹಳೆಯದು ಎಂಬುದಷ್ಟೇ ಅಲ್ಲ. ಮೂರನೆಯದರಲ್ಲಿ ಯಾರೂ ಹೊರೆ ಹೊರುವುದಿಲ್ಲ. ಮರ ಕಡಿದ ಕ್ಷಣವೇ, ನಿಂತ ಜಾಗದಿಂದಲೇ, ಖಾತೆಗೆ ಜಮಾ. ಆ ವರ್ಷಗಳಲ್ಲೇ ಬ್ಯಾಂಕುಗಳಿಗೆ ಕೋರ್ ಬ್ಯಾಂಕಿಂಗ್ ಬರುತ್ತಿತ್ತು, ಬೆಜವಾಡದಲ್ಲಿ ಕಟ್ಟಿದ್ದು ಆ ಗಳಿಗೆಯೇ ಬಳ್ಳಾರಿಯಲ್ಲಿ ಕಾಣುವುದು. ಬ್ಯಾಂಕಿಗೆ ಅದು ವರ, ಆಟಕ್ಕೆ ಅಲ್ಲ. ನಡೆಯುವ ದೂರ ಹೋದರೆ, ಎಲ್ಲಿ ಏನು ಕಟ್ಟಬೇಕೆಂಬ ಯೋಚನೆಯೂ ಅರ್ಧ ಹೋಯಿತು. ಇನ್ನು ಅಲ್ಲಿ ಗಿರಣಿಯ ಆಹಾರ ಮುಗಿಯುವುದಿಲ್ಲ, ತೋಟದ ನಾಣ್ಯ ಮುಗಿಯುವುದಿಲ್ಲ, ಕಾರ್ಖಾನೆ ನಿಲ್ಲುವುದಿಲ್ಲ. ಕಲ್ಲು ಎಂಬ ನಾಲ್ಕನೆಯ ಸಂಪತ್ತೇ ಇಲ್ಲ. ಕೊರತೆ ಇಲ್ಲದ ಕಡೆ ಅರ್ಥಶಾಸ್ತ್ರ ಎಲ್ಲಿಂದ ಬರಬೇಕು? ತವರನ್ನು ಕುರಿತ ಕಲ್ಪನೆ ಮೂರನೆಯದರಲ್ಲಿ ಗಟ್ಟಿ, ದುಡಿಮೆಯನ್ನು ಕುರಿತದ್ದು ಎರಡನೆಯದರಲ್ಲಿ. ನಾನು ದುಡಿಯಲು ಬಂದವನು. ತವರಿನ ನೆನಪು ಮಾಡಿಕೊಡಲು ಆಟ ಬೇಕಿರಲಿಲ್ಲ, ಅದು ತಾನಾಗಿ ಆಗುತ್ತಿತ್ತು.

ಪೆನ್ಸಿಲ್ ಅಚ್ಚಿನ ಮಾತಿಗೆ ಬರುತ್ತೇನೆ. ಮೂರನೆಯದರ ಹೆಸರು ಅದೇ, ಕಂಪನಿ ಅದೇ. ಚಾಸಿ ನಂಬರು ಬೇರೆ. ಅದು ಎರಡನೆಯದರ ಮುಂದುವರಿಕೆಯಲ್ಲ, ಅದೇ ಬೋರ್ಡು ಹಾಕಿಕೊಂಡ ಇನ್ನೊಂದು ಬಂಡಿ. ಹಾಗಿರುವಾಗ "ಹೊಸದು ಬಂತು, ಹಳೆಯದನ್ನು ಬಿಡಿ" ಎಂಬ ಮಾತೇ ಸರಿಹೊಂದುವುದಿಲ್ಲ. ಬಿಡಬೇಕಾದ್ದು ಹೊಸದು ಹಳೆಯದರ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡಿದಾಗ. ಇದು ಬೇರೆ ಕೆಲಸ ಮಾಡುತ್ತಿತ್ತು.

ಆದರೆ ಹಳೆಯ ಆಟ ಉಳಿಯುವುದು ಬರೀ ಗುಣದಿಂದ ಎಂದು ನಾನು ನಂಬುವುದಿಲ್ಲ. ಇದಕ್ಕೆ ಸಾಕ್ಷಿ ವಿಜಯವಾಡದಿಂದ ಅರವತ್ತು ಕಿಲೋಮೀಟರಿನಲ್ಲೇ ಇದೆ. ಭಾರತದ ಮೊದಲ ರಾಷ್ಟ್ರೀಯ ಚೆಸ್ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ ಏಲೂರಿನಲ್ಲಿ. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಪ್ರಶಸ್ತಿ ಹಂಚಿಕೊಂಡರು. ಆಡಿದ್ದು ಅಂತರರಾಷ್ಟ್ರೀಯ ನಿಯಮದಲ್ಲಿ. ನಮ್ಮ ತಾತ ಜಗಲಿಯ ಮೇಲೆ ಆಡುತ್ತಿದ್ದ ಚದುರಂಗ ಅದಲ್ಲ. ತಾತನ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತಿದ್ದ; ಕೋಟೆ ಕಟ್ಟುವ ನಡೆ ಇರಲಿಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು; ಕೊನೆಯ ಮನೆ ಮುಟ್ಟಿದ ಕಾಲಾಳು ಆ ಸಾಲಿನ ಕಾಯಿಯೇ ಆಗುತ್ತಿದ್ದ, ಬೇಕೆಂದಾಗ ಮಂತ್ರಿಯಾಗುವ ಹಾಗಿರಲಿಲ್ಲ. ಊರೂರಿಗೆ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಈ ದೇಶಿ ಆಟ ಕಲಿತು ಬೆಳೆದ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗೆ ಎಷ್ಟು ಬುದ್ಧಿ ಸುರಿದರೆಂಬುದು ಗೊತ್ತಿರುವ ವಿಷಯ. ಅಂದರೆ ಹಳೆಯದು ದಡ್ಡರ ಆಟವಾಗಿರಲಿಲ್ಲ. ಆದರೂ ಹೋಯಿತು. ಹೊಸದಕ್ಕೆ ಒಕ್ಕೂಟ ಬಂತು, ಪಂದ್ಯ ಬಂತು, ಪುಸ್ತಕ ಬಂತು. ಹಳೆಯದಕ್ಕೆ ಎದುರು ಕೂರುವವರು ಇಲ್ಲವಾದರು. ತಾತ ಕೊನೆಗೆ ಎರಡೂ ಕಡೆ ತಾನೇ ಆಡುತ್ತಿದ್ದರು. ಏಲೂರಿನಲ್ಲಿ ನೆಟ್ಟಿದ್ದಕ್ಕೆ ಫಲ ಸಿಗಲಿಲ್ಲ ಎಂದೂ ಹೇಳಲಾರೆ: ಕೃಷ್ಣಾ ಜಿಲ್ಲೆಯ ಕೊನೇರು ಹಂಪಿ 2002ರಲ್ಲಿ ಹದಿನೈದನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದಾಗ ಆ ಹೆಣ್ಣುಮಗಳಿಗೆ ಅದೇ ಅಂತರರಾಷ್ಟ್ರೀಯ ಆಟ ಬೇಕಾಗಿತ್ತು. ಜಗಲಿಯ ಆಟ ಜಗಲಿಯಷ್ಟೇ ದೂರ ಕರಕೊಂಡು ಹೋಗುತ್ತದೆ.

ನಾನೂ ಆಟೋನಗರದ ಬಾಡಿಗೆ ರೂಮಿನಲ್ಲಿ ಯಂತ್ರದ ಜೊತೆ ಆಡುತ್ತ, ತಾತನ ಹಾಗೇ ಆಗುತ್ತೇನೇನೋ ಅಂದುಕೊಂಡಿದ್ದೆ. ಮಗ ಮೂರನೆಯದಕ್ಕೆ ಹೋಗಿದ್ದ, ಆಮೇಲೆ 2007ರ ಏಷ್ಯನ್ ಡೈನಾಸ್ಟೀಸ್‌ಗೆ. ಅದರಲ್ಲಿ ಭಾರತೀಯರು ಬಂದರು. ಅವರ ಅದ್ಭುತ ಕಟ್ಟಡಗಳಲ್ಲಿ ಚಾರ್ಮಿನಾರ್ ಕೂಡ ಒಂದು. ಆ ಭಾರತೀಯರು ದನ ಕಡಿಯುವ ಹಾಗಿಲ್ಲ, ಪವಿತ್ರ ಹೊಲದಲ್ಲಿ ಕಟ್ಟಿ ಮೇಯಿಸಬೇಕು, ಮತ್ತು ಒಬ್ಬ ಆಳನ್ನು ಪಡೆಯಲು ಆಹಾರದ ಬದಲು ಮರ ಕೊಡಬೇಕು. ಏಕೆಂದು ಇವತ್ತಿಗೂ ತಿಳಿಯದು. ರಾತ್ರಿ ಫೋನಿನಲ್ಲಿ ನಾನು ನನ್ನ ಆಟದ ಸುದ್ದಿ ಹೇಳಿದರೆ ಅವನು ತನ್ನದನ್ನು ಹೇಳುತ್ತಿದ್ದ. ಒಬ್ಬರದು ಒಬ್ಬರಿಗೆ ತಾಕುತ್ತಿರಲಿಲ್ಲ. ಹಂದಿ ನನ್ನ ಆಳನ್ನು ಕೊಂದ ಕಥೆ ಮಾತ್ರ ಅವನಿಗೆ ಪ್ರೀತಿ, ನಗುತ್ತಿದ್ದ. ಆಮೇಲೆ ಪಿಯುಸಿ ಬಂತು, ಫೋನಿಗೆ ಬರುವುದೂ ಕಡಿಮೆಯಾಯಿತು. ಹೊಸ ಆಟಕ್ಕೆ ಹೋಗದೆ ಉಳಿದದ್ದಕ್ಕೆ ನಾನು ತೆತ್ತ ಬೆಲೆ ಇದ್ದರೆ ಅದು ಇಷ್ಟು. ಸಣ್ಣದೆಂದು ಆಗ ಅನ್ನಿಸಿತ್ತು. ಈಗ ಅಷ್ಟು ಖಚಿತವಿಲ್ಲ. ನಾಲ್ಕು ದಿನದ ಬದಲು ನಲವತ್ತು ದಿನ ಆಡಿದ್ದರೆ ಮೂರನೆಯದೂ ರುಚಿ ಹತ್ತುತ್ತಿತ್ತೇನೋ, ಮಾತಿಗಾದರೂ ಒದಗುತ್ತಿತ್ತು.

ಆಮೇಲೆ ನಡೆದದ್ದು ಯಾರೂ ಎಣಿಸದ್ದು. ಎನ್ಸೆಂಬಲ್ 2009ರಲ್ಲಿ ಮುಚ್ಚಿಹೋಯಿತು. ಮಾಡಿದವರೇ ಇಲ್ಲದ ಮೇಲೆ ಆಟ ಸತ್ತಿತು ಅನ್ನಬೇಕು. ಆದರೆ ಎರಡನೆಯದನ್ನು ಬಿಡದೆ ಇಂಟರ್ನೆಟ್ಟಿನಲ್ಲಿ ಒಬ್ಬರೆದುರು ಒಬ್ಬರು ಆಡುತ್ತಲೇ ಇದ್ದ ಜನ ಪ್ರಪಂಚದ ತುಂಬ ಇದ್ದರು. ಅವರನ್ನು ನೋಡಿ ಮೈಕ್ರೋಸಾಫ್ಟ್ 2013ರಲ್ಲಿ ಅದನ್ನೇ ಹೊಸ ಪರದೆಗೆ ಹೊಂದಿಸಿ ಮಾರಿತು, 2019ರ ನವೆಂಬರಿನಲ್ಲಿ ಡೆಫಿನಿಟಿವ್ ಎಡಿಷನ್ ಎಂದು ಚಿತ್ರ, ಧ್ವನಿ ಎಲ್ಲ ಹೊಸದಾಗಿ ಮಾಡಿ ತಂದಿತು. ಆಳು ಇವತ್ತಿಗೂ ಹೊರೆ ಹೊತ್ತೇ ನಡೆಯುತ್ತಾನೆ. ಬಂಡಿ ಪಾತದೇ. ಮೂರನೆಯದಕ್ಕೂ 2020ರಲ್ಲಿ ಹೊಸ ಬಾಡಿ ಕಟ್ಟಿದರು, 2021ರಲ್ಲಿ ನಾಲ್ಕನೆಯ ಭಾಗವೂ ಬಂತು. 2025ರ ಜನವರಿಯಲ್ಲಿ ಮೂರನೆಯದಕ್ಕೆ ಬರಬೇಕಿದ್ದ ಸೇರ್ಪಡೆಯನ್ನು ರದ್ದು ಮಾಡಿ ಅದರ ಕೆಲಸ ನಿಲ್ಲಿಸಿದರು. ಎರಡನೆಯದಕ್ಕೆ ಅದೇ ವರ್ಷ ಇನ್ನೂ ಹೊಸದು ಬಂತು. ನಾನು ಗೆದ್ದೆ ಎಂದು ಬೀಗುವುದಿಲ್ಲ. ಅಷ್ಟು ಜನ ಎದುರು ಕೂತಿದ್ದರಿಂದ ಉಳಿಯಿತು, ತಾತನಿಗೆ ಆ ಭಾಗ್ಯ ಇರಲಿಲ್ಲ.

ಹೊಸ ಬಾಡಿಯ ಎಲ್ಲವೂ ನನಗೆ ಒಪ್ಪಿಗೆಯಿಲ್ಲ. 2022ರ ಏಪ್ರಿಲಿನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಸೇರ್ಪಡೆ ಬಂದು, ಅಲ್ಲಿಯವರೆಗೆ ಒಂದೇ ಗಂಟಾಗಿದ್ದ ಭಾರತೀಯರನ್ನು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ಬಿಡಿಸಿದರು. ಬಿಡಿಸಿದ್ದು ಒಳ್ಳೆಯದೇ. ಆದರೆ ಕನ್ನಡ, ತೆಲುಗು, ತಮಿಳು, ಮಲಯಾಳ ಎಲ್ಲ ದ್ರಾವಿಡ ಎಂಬ ಇನ್ನೊಂದು ಗಂಟು. ಅವರ ಕಥೆಯ ನಾಯಕ ರಾಜೇಂದ್ರ ಚೋಳ. ನಾನು ಶಾಲೆಯಲ್ಲಿ ನಮ್ಮವರು ಎಂದು ಓದಿದ್ದು ಕಲ್ಯಾಣದ ಚಾಲುಕ್ಯರನ್ನು; ಅವರಿಗೂ ಚೋಳರಿಗೂ ಇದ್ದ ಹಗೆ ಏನು ಕಡಿಮೆಯದೇ? ರಾಜೇಂದ್ರನ ಪಕ್ಷದಲ್ಲಿ ಕೂತು ಆಡುವಾಗ ಬೇರೆಯವರ ಮನೆಯ ಮದುವೆಯಲ್ಲಿ ಬಡಿಸಲು ನಿಂತ ಹಾಗೆ ಆಗುತ್ತದೆ. ಆದರೆ ಆ ದ್ರಾವಿಡರು ಕಲಿಯಬಹುದಾದ ಒಂದು ವಿದ್ಯೆಯ ಹೆಸರು ವೂಟ್ಜ್ ಸ್ಟೀಲ್. ಅದನ್ನು ಕಲಿತರೆ ಅವರ ಕತ್ತಿಯೇಟಿಗೆ ಎದುರಾಳಿಯ ಕವಚ ಲೆಕ್ಕಕ್ಕಿಲ್ಲ. ವೂಟ್ಜ್ ಎಂಬುದು ನಮ್ಮ ಉಕ್ಕು ಎಂಬ ಮಾತೇ ಕೆಟ್ಟು ಆದದ್ದು ಎನ್ನುತ್ತಾರೆ. ಕನ್ನಡದಲ್ಲೂ ಉಕ್ಕು, ತೆಲುಗಿನಲ್ಲೂ ಉಕ್ಕು, ವಿಶಾಖಪಟ್ಟಣದ ಕಾರ್ಖಾನೆಯನ್ನು ಆ ಜನ ಕರೆಯುವುದೂ ವಿಶಾಖ ಉಕ್ಕು ಎಂದೇ. ಆಟೋನಗರದಲ್ಲಿ ಭಾಷೆ ಬಾರದ ಮೊದಲ ತಿಂಗಳಲ್ಲಿ ಎರಡೂ ಕಡೆಯವರಿಗೆ ತಿಳಿಯುತ್ತಿದ್ದ ಕೆಲವೇ ಮಾತುಗಳಲ್ಲಿ ಅದೊಂದು.

ಮಗ ಈಗ ಟೊರಾಂಟೋದಲ್ಲಿದ್ದಾನೆ. ಊರು ಬಿಟ್ಟಿರುವ ಸರದಿ ಅವನದು, ಕಂತು ಕಳಿಸುವ ಸರದಿ ನಮ್ಮದು. ಚಟ್ನಿಪುಡಿಯ ಪೊಟ್ಟಣಕ್ಕೆ ಅವನಮ್ಮ ಮೂರು ಸುತ್ತು ಪ್ಲಾಸ್ಟಿಕ್ ಸುತ್ತುತ್ತಾಳೆ. ಡೆಫಿನಿಟಿವ್ ಬಂದ ಮೇಲೆ ಅವನೇ ಫೋನು ಮಾಡಿ, ನನ್ನ ಕಂಪ್ಯೂಟರಿಗೆ ಅದನ್ನು ಹಾಕಿಸಿದ. ಅವನಿಗೆ ಶನಿವಾರ ರಾತ್ರಿ, ನನಗೆ ಭಾನುವಾರ ಬೆಳಿಗ್ಗೆ. ಇಬ್ಬರೂ ಒಂದೇ ಪಕ್ಷ, ಎದುರಿಗೆ ಯಂತ್ರ. ಅವನ ಕೈ ಚುರುಕು, ಹತ್ತು ನಿಮಿಷಕ್ಕೆ ಮುಂದಿನ ಯುಗಕ್ಕೆ ಹೋಗಿ ನನಗಾಗಿ ಕಾಯುತ್ತಿರುತ್ತಾನೆ. ಮೊನ್ನೆ ಆಟದ ಮಧ್ಯೆ ನನಗೆ ಐನೂರು ಆಹಾರ ಕಳಿಸಿದ, ಶುಲ್ಕ ಕಳೆದು ಬಂತು.

"ಯಾಕೋ?" ಎಂದೆ.

"ಹಂದಿ ತರೋಕೆ ಹೋಗಿದ್ರಲ್ಲ, ಒಬ್ಬ ಹೋದ್ನಾ?"

"ಹೋದ" ಎಂದೆ.